ಬಡವರ ಮುಖ ನಮ್ಮ ದಾನದ ರಸೀದಿಯೇ?

(ಜುಮಾ ಖುತ್ಬಾದ ಸಂಗ್ರಹ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆಯೂ ಅವರ ಕುಟುಂಬ ಹಾಗೂ ಸಂಗಾತಿಗಳ ಮೇಲೆಯೂ ಶಾಂತಿ ಮತ್ತು ಅನುಗ್ರಹಗಳಿರಲಿ.



ಶಾಬಾನ್ ಮುಗಿಯುತ್ತಾ ಬಂದಿದೆ. ಇನ್ನು ಕೆಲವೇ ದಿನಗಳಲ್ಲಿ ರಮಝಾನ್ ಕಿಟ್‌ಗಳ ವಿತರಣೆ ಆರಂಭವಾಗುತ್ತದೆ. ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ, ಖರ್ಜೂರ ತುಂಬಿದ ಚೀಲಗಳು ಸಿದ್ಧವಾಗುತ್ತವೆ. ಇದು ಸಂತೋಷದ ವಿಷಯ. ಆದರೆ ಅನೇಕ ಕಡೆ ಚೀಲದ ಜೊತೆಗೆ ಬ್ಯಾನರ್ ಕೂಡ ಬರುತ್ತದೆ. ನಾಲ್ಕೈದು ಮಂದಿ ಅದರ ಮುಂದೆ ನಿಂತು ಒಂದೇ ಚೀಲವನ್ನು ಹಿಡಿದುಕೊಳ್ಳುತ್ತಾರೆ. ಎದುರಿಗೆ ಒಬ್ಬ ವಿಧವೆ ತಲೆ ತಗ್ಗಿಸಿ ನಿಂತಿರುತ್ತಾರೆ. 'ಸ್ವಲ್ಪ ಈ ಕಡೆ ನೋಡಿ' ಎಂದು ಫೋಟೊ ತೆಗೆಯುವ ಯುವಕ ಹೇಳುತ್ತಾನೆ. ಸಂಜೆಯೊಳಗೆ ಆ ಮುಖ ಊರಿನ ಎಲ್ಲ ವಾಟ್ಸ್ಆ್ಯಪ್ ಗ್ರೂಪ್‌ಗಳಲ್ಲಿ ಇರುತ್ತದೆ. ಅವರ ಮಗಳ ಸಹಪಾಠಿಗಳ ಮೊಬೈಲಿನಲ್ಲೂ ಇರುತ್ತದೆ.

ಛಾಯಾಚಿತ್ರದ ಕುರಿತು ವಿದ್ವಾಂಸರಲ್ಲಿರುವ ಚರ್ಚೆ ಇಂದಿನ ವಿಷಯವಲ್ಲ. ಕೊಡುವಾಗ ಪಡೆಯುವವರ ಮಾನ ಏನಾಗುತ್ತದೆ ಎಂಬುದನ್ನಷ್ಟೇ ಇಂದು ಯೋಚಿಸೋಣ.

ಮೊದಲನೆಯದಾಗಿ, ಝಕಾತ್ ನಮ್ಮ ಔದಾರ್ಯವಲ್ಲ. ಧರ್ಮನಿಷ್ಠರ ಸಂಪತ್ತಿನಲ್ಲಿ ಕೇಳುವವರಿಗೂ ವಂಚಿತರಿಗೂ ಹಕ್ಕಿದೆ ಎಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ (51:19). ಅದು ನಮ್ಮ ಕೈಯಲ್ಲಿದ್ದರೂ ಅವರದೇ ಸೊತ್ತು. ಸಾಲ ತೀರಿಸುವಾಗ ಸಾಲ ಕೊಟ್ಟವನನ್ನು ಬ್ಯಾನರಿನ ಮುಂದೆ ನಿಲ್ಲಿಸಿ ಯಾರಾದರೂ ಫೋಟೊ ತೆಗೆಯುತ್ತಾರೆಯೇ? ಹಾಗಿದ್ದರೆ ಹಕ್ಕುದಾರನನ್ನು ಯಾಕೆ ನಿಲ್ಲಿಸಬೇಕು?

ಎರಡನೆಯದಾಗಿ, ಎತ್ತಿ ಹೇಳಿಯೂ ನೋಯಿಸಿಯೂ ನಿಮ್ಮ ದಾನವನ್ನು ವ್ಯರ್ಥಗೊಳಿಸಬೇಡಿರಿ ಎಂದು ಅಲ್ಲಾಹನು ಎಚ್ಚರಿಸಿದ್ದಾನೆ (2:264). ಜನರಿಗೆ ತೋರಿಸಲಿಕ್ಕಾಗಿ ಖರ್ಚು ಮಾಡುವವನನ್ನು ಅಲ್ಲಿ ತೆಳುವಾದ ಮಣ್ಣು ಮುಚ್ಚಿದ ಬಂಡೆಗೆ ಹೋಲಿಸಲಾಗಿದೆ. ಜೋರು ಮಳೆ ಬಂದರೆ ಮಣ್ಣೆಲ್ಲ ಕೊಚ್ಚಿಹೋಗಿ ಬರೀ ಕಲ್ಲು ಉಳಿಯುತ್ತದೆ. ಬಾಯಲ್ಲಿ ಎತ್ತಿ ಹೇಳಿದ ಮಾತು ಹತ್ತು ಜನರ ಕಿವಿಗೆ ಬಿದ್ದು ಮರೆತುಹೋಗಬಹುದು. ಫೋಟೊ ಹಾಗಲ್ಲ. ಅದು ಪ್ರತಿ ವರ್ಷ 'ನೆನಪು' ಎಂದು ಮೊಬೈಲಿನಲ್ಲಿ ಮತ್ತೆ ಮೇಲೆ ಬರುತ್ತದೆ, ಮತ್ತೆ ಎತ್ತಿ ಹೇಳುತ್ತದೆ.

'ಬಹಿರಂಗ ದಾನಕ್ಕೂ ಅನುಮತಿ ಇದೆಯಲ್ಲ?' ಎಂದು ಕೆಲವರು ಕೇಳುತ್ತಾರೆ. ಹೌದು, ಇದೆ. ದಾನವನ್ನು ಬಹಿರಂಗವಾಗಿ ಕೊಡುವುದು ಒಳ್ಳೆಯದು, ಗುಪ್ತವಾಗಿ ಬಡವರಿಗೆ ತಲುಪಿಸುವುದು ಇನ್ನೂ ಉತ್ತಮ ಎಂದು ಕುರ್‌ಆನ್ ಕಲಿಸುತ್ತದೆ (2:271). ಇತರರಿಗೆ ಪ್ರೇರಣೆಯಾಗಲಿ ಎಂದು ನಾವು ನಮ್ಮ ದಾನವನ್ನು ತೋರಿಸಬಹುದು. ಆದರೆ ಇಲ್ಲಿರುವ ಅನುಮತಿ ದಾನವನ್ನು ಬಹಿರಂಗಪಡಿಸಲು. ಬಡವನನ್ನು ಬಹಿರಂಗಪಡಿಸಲು ಯಾರೂ ನಮಗೆ ಅನುಮತಿ ಕೊಟ್ಟಿಲ್ಲ. ಅಲ್ಲಾಹನ ನೆರಳಲ್ಲದೆ ಬೇರೆ ನೆರಳಿಲ್ಲದ ಆ ದಿನದಂದು ಅವನ ನೆರಳು ಪಡೆಯುವ ಏಳು ಮಂದಿಯಲ್ಲಿ, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತೆ ಕೊಟ್ಟವನೂ ಒಬ್ಬನೆಂದು ಪ್ರವಾದಿ(ಸ)ರು ತಿಳಿಸಿದ್ದಾರೆ (ಬುಖಾರಿ, ಮುಸ್ಲಿಮ್).

'ಕೇಳಿಯೇ ಫೋಟೊ ತೆಗೆದಿದ್ದೇವೆ, ಅವರೇ ಒಪ್ಪಿದ್ದಾರೆ' ಎನ್ನುವವರೂ ಇದ್ದಾರೆ. ಮನೆಯಲ್ಲಿ ಮಕ್ಕಳು ಕಾಯುತ್ತಿರುವಾಗ, ಅಕ್ಕಿಯ ಚೀಲ ಇನ್ನೂ ನಮ್ಮ ಕೈಯಲ್ಲೇ ಇರುವಾಗ ಆ ತಾಯಿ ಬೇಡ ಎನ್ನಲು ಸಾಧ್ಯವೇ? ಅದು ಒಪ್ಪಿಗೆಯಲ್ಲ, ನಿರುಪಾಯ.

ಇಲ್ಲಿ ಒಂದು ಪ್ರಸಿದ್ಧ ಉದಾಹರಣೆಯನ್ನು ನೆನಪಿಸಬೇಕು. 1984ರಲ್ಲಿ ಪೇಶಾವರದ ಬಳಿಯ ನಾಸಿರ್ ಬಾಗ್ ನಿರಾಶ್ರಿತರ ಶಿಬಿರದಲ್ಲಿ ಅಮೆರಿಕದ ಛಾಯಾಗ್ರಾಹಕ ಸ್ಟೀವ್ ಮೆಕ್‌ಕರಿ ಅಫ್ಘಾನಿ ಬಾಲಕಿಯೊಬ್ಬಳ ಫೋಟೊ ತೆಗೆದರು. 1985ರ ಜೂನ್‌ನಲ್ಲಿ ಅದು 'ನ್ಯಾಷನಲ್ ಜಿಯೋಗ್ರಾಫಿಕ್' ಪತ್ರಿಕೆಯ ಮುಖಪುಟವಾಯಿತು. ಹಸಿರು ಕಣ್ಣಿನ ಆ ಮುಖವನ್ನು ಇಡೀ ಜಗತ್ತು ಗುರುತಿಸಿತು. ಆದರೆ ಆಕೆಯ ಹೆಸರು ಶರ್ಬತ್ ಗುಲಾ ಎಂದು ಜಗತ್ತಿಗೆ ತಿಳಿದದ್ದು 2002ರಲ್ಲಿ, ಆಕೆಯನ್ನು ಹುಡುಕಿ ಕಂಡುಕೊಂಡ ಮೇಲೆ. ಅಲ್ಲಿಯ ತನಕ ಆಕೆ ಆ ಫೋಟೊವನ್ನು ನೋಡಿಯೇ ಇರಲಿಲ್ಲ. 2016ರಲ್ಲಿ ಪಾಕಿಸ್ತಾನದ ಗುರುತಿನ ಚೀಟಿಯ ಪ್ರಕರಣದಲ್ಲಿ ಆಕೆಯನ್ನು ಬಂಧಿಸಿ ಅಫ್ಘಾನಿಸ್ತಾನಕ್ಕೆ ಕಳುಹಿಸಲಾಯಿತು. ಲೋಕಪ್ರಸಿದ್ಧವಾದ ಆ ಫೋಟೊ ಆಕೆಯ ಬದುಕಿನ ಕಷ್ಟವನ್ನು ದೂರ ಮಾಡಲಿಲ್ಲ.

ಹಾಗೆಂದು ಕಷ್ಟವನ್ನು ತೋರಿಸುವ ಎಲ್ಲ ಚಿತ್ರಗಳೂ ತಪ್ಪೆಂದು ನಾವು ಹೇಳುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಅಲ್ಲಿನ ದೃಶ್ಯಗಳನ್ನು ಕಂಡು ಜನ ನೆರವಿಗೆ ಧಾವಿಸಿದರು. ಅನ್ಯಾಯಕ್ಕೆ ಸಾಕ್ಷಿಯಾಗುವ ಚಿತ್ರವೂ ಬೇಕು. ಆದರೆ ಕುಸಿದ ಮನೆಯ ಚಿತ್ರ ಸಂತ್ರಸ್ತರ ಪರವಾಗಿ ಮಾತನಾಡುತ್ತದೆ. ಕಿಟ್ ಹಿಡಿದ ಮುಖದ ಚಿತ್ರ ಕೊಟ್ಟವರ ಪರವಾಗಿ ಮಾತನಾಡುತ್ತದೆ. ಈ ವ್ಯತ್ಯಾಸ ನಮಗೆ ತಿಳಿದಿರಬೇಕು.

ಇದರಿಂದಾಗುವ ದೊಡ್ಡ ನಷ್ಟ ಇನ್ನೊಂದಿದೆ. ಕೇಳಲು ನಾಚುವ, ತಿಳಿಯದವರ ಕಣ್ಣಿಗೆ ಸ್ಥಿತಿವಂತರಂತೆ ಕಾಣುವ ಬಡವರನ್ನು ಕುರ್‌ಆನ್ ವಿಶೇಷವಾಗಿ ಹೆಸರಿಸಿದೆ (2:273). ಕೆಲಸ ಕಳೆದುಕೊಂಡ ಮೇಸ್ತ್ರಿ, ಅಂಗಡಿ ಮುಚ್ಚಿದ ವ್ಯಾಪಾರಿ, ಬೀಡಿ ಕಟ್ಟಿ ಮಕ್ಕಳನ್ನು ಓದಿಸುವ ತಾಯಿ ಇಂಥವರೇ. ಕ್ಯಾಮರಾ ಇರುವಲ್ಲಿಗೆ ಇವರು ಬರುವುದಿಲ್ಲ. ಉಪವಾಸವಿದ್ದರೂ ಬರುವುದಿಲ್ಲ. ಅಂದರೆ ಮೊದಲು ತಲುಪಬೇಕಾದವರನ್ನೇ ನಮ್ಮ ಫೋಟೊ ಬಾಗಿಲಿನಿಂದ ಹಿಂದಕ್ಕೆ ಕಳುಹಿಸುತ್ತದೆ. ನಾಳೆ ಇದಕ್ಕೆ ಉತ್ತರ ಹೇಳಬೇಕಾದವರು ನಾವು.

'ದಾನಿಗಳು ಲೆಕ್ಕ ಕೇಳುತ್ತಾರೆ' ಎಂಬ ಮಾತು ನ್ಯಾಯವಾದದ್ದು. ಲೆಕ್ಕ ಕೊಡಲೇಬೇಕು. ಆದರೆ ಲೆಕ್ಕಕ್ಕೆ ಬಿಲ್ಲು ಇದೆ, ರಿಜಿಸ್ಟರ್ ಇದೆ. ಇಷ್ಟು ಮನೆ, ಇಷ್ಟು ಅಕ್ಕಿ, ಇಷ್ಟು ಮೊತ್ತ ಎಂದು ಬರೆದು, ಅಂಗಡಿಯ ಬಿಲ್ಲಿನ ಪ್ರತಿಯೊಂದಿಗೆ ಮಸೀದಿಯ ಫಲಕದಲ್ಲಿ ಹಾಕಲಿ. ಹೆಸರುಗಳಿರುವ ಪಟ್ಟಿ ಜಮಾಅತಿನ ಇಬ್ಬರು ವಿಶ್ವಾಸಾರ್ಹರ ಬಳಿ ಮಾತ್ರ ಇರಲಿ. ಫೋಟೊ ಬೇಕೇ ಬೇಕೆಂದಾದರೆ ಜೋಡಿಸಿಟ್ಟ ಚೀಲಗಳದ್ದು ತೆಗೆಯಲಿ. ಇಶಾ ನಮಾಝಿನ ಬಳಿಕ ಸದ್ದಿಲ್ಲದೆ ಮನೆಗೆ ತಲುಪಿಸಬಹುದು. ಅಂಗಡಿಗೆ ಮೊದಲೇ ಹಣ ಕಟ್ಟಿ ಚೀಟಿ ಕೊಟ್ಟರೆ ಅವರು ಎಲ್ಲ ಗಿರಾಕಿಗಳಂತೆ ಹೋಗಿ ತಮಗೆ ಬೇಕಾದುದನ್ನು ತರಬಹುದು.

ಚಿಕಿತ್ಸೆಗೆ ನೆರವು ಕೋರುವಾಗಲೂ ಇದೇ ನಿಯಮವಿರಲಿ. ಮೈತುಂಬಾ ನಳಿಗೆ ಹಾಕಿದ ಮಗುವಿನ ವೀಡಿಯೊ ಬೇಡ. ಆಸ್ಪತ್ರೆಯ ಅಂದಾಜು ಪಟ್ಟಿ, ಜಮಾಅತಿನ ಪತ್ರ, ಹೊಣೆ ಹೊತ್ತವರ ಫೋನ್ ನಂಬರ್ ಸಾಕು. ಒಮ್ಮೆ ಫಾರ್ವರ್ಡ್ ಆದ ವೀಡಿಯೊವನ್ನು ಮರಳಿ ಪಡೆಯಲಾಗದು. ಮಗು ಗುಣವಾಗಿ ಶಾಲೆಗೆ ಹೋಗುವಾಗಲೂ ಅದು ಸುತ್ತುತ್ತಲೇ ಇರುತ್ತದೆ. ಪೋಷಣೆ, ರಕ್ಷಣೆ ಅಗತ್ಯವಿರುವ ಮಕ್ಕಳ ಗುರುತು ಬಯಲು ಮಾಡುವ ಚಿತ್ರವನ್ನು ಮಾಧ್ಯಮಗಳಲ್ಲಿ ಪ್ರಕಟಿಸುವುದನ್ನು ನಮ್ಮ ದೇಶದ 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಕೂಡ ನಿಷೇಧಿಸಿದೆ. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಅನಾಥ ಮಕ್ಕಳ ಸೇವೆ ಮಾಡುವವರು ಇದನ್ನು ತಿಳಿದಿರಬೇಕು.

ಮನೆಗಳಲ್ಲೂ ಈ ಪಾಠ ನಡೆಯಲಿ. ಹಬ್ಬಕ್ಕೆ ಕೆಲಸದಾಕೆಗೆ ಬಟ್ಟೆ ಕೊಡುವಾಗ ಮಕ್ಕಳು ರೀಲ್ಸ್ ಮಾಡಲು ಮೊಬೈಲ್ ಎತ್ತಿದರೆ, ತಾಯಂದಿರು ಅದನ್ನು ಕೆಳಗಿರಿಸಲು ಹೇಳಲಿ. ಕೊಡುವಾಗ ಮೆಲ್ಲಗೆ ಕೊಡಬೇಕೆಂದು ಮಕ್ಕಳು ಕಲಿಯುವುದು ಅಲ್ಲೇ.

ಪ್ರವಾದಿ(ಸ)ರ ಮೊಮ್ಮಗ ಹುಸೈನ್(ರ)ರ ಪುತ್ರ ಅಲೀ ಝೈನುಲ್ ಆಬಿದೀನ್(ರ)ರ ಬಗ್ಗೆ ಚರಿತ್ರೆಕಾರರು ಬರೆದಿದ್ದಾರೆ. ಮದೀನದ ಹಲವು ಬಡ ಮನೆಗಳಿಗೆ ರಾತ್ರಿ ಆಹಾರ ತಲುಪುತ್ತಿತ್ತು. ಯಾರು ತರುತ್ತಾರೆಂದು ಅವರಿಗೆ ಗೊತ್ತಿರಲಿಲ್ಲ. ಅಲೀ ನಿಧನರಾದ ಬಳಿಕ ಆ ಆಹಾರ ನಿಂತುಹೋಯಿತು. ಮಯ್ಯಿತ್ ಸ್ನಾನ ಮಾಡಿಸಿದವರು ಅವರ ಬೆನ್ನಿನಲ್ಲಿ ಮೂಟೆ ಹೊತ್ತ ಗುರುತುಗಳನ್ನು ಕಂಡರು. ಆಗಲೇ ಜನರಿಗೆ ವಿಷಯ ತಿಳಿದದ್ದು.

ಅಲ್ಲಾಹನು ನಮ್ಮ ದಾನಗಳನ್ನು ತೋರಿಕೆಯಿಂದ ಕಾಪಾಡಲಿ. ನಮ್ಮ ನೆರೆಹೊರೆಯವರ ಮಾನ ಕಾಯುವ ಮನಸ್ಸನ್ನು ನಮಗೆ ಕರುಣಿಸಲಿ. ಬರುವ ರಮಝಾನಿನಲ್ಲಿ ಕೇಳದವರ ಮನೆಬಾಗಿಲಿಗೂ ನಮ್ಮನ್ನು ತಲುಪಿಸಲಿ. ಆಮೀನ್.