‘ರನ್’ ಎಂದರೆ ಓಡುವುದಷ್ಟೇ ಅಲ್ಲ



ಕೆಲವು ವರ್ಷಗಳ ಹಿಂದೆ ಇಂಗ್ಲಿಷ್ ಶಿಕ್ಷಕರು ರಜೆಯಲ್ಲಿದ್ದಾಗ ಅವರ ತರಗತಿ ತೆಗೆದುಕೊಂಡಿದ್ದೆ. ‘ಹಿ ರನ್ಸ್ ಎ ಶಾಪ್’ ಎಂಬ ವಾಕ್ಯಕ್ಕೆ ಒಬ್ಬ ಹುಡುಗ ‘ಅವನು ಅಂಗಡಿಗೆ ಓಡುತ್ತಾನೆ’ ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ವರ್ಷವಿಡೀ ಅವನು ಮತ್ತೆ ಕೈ ಎತ್ತಲಿಲ್ಲ. ತಪ್ಪು ನನ್ನದು.

ಗೈಡಿನಲ್ಲಿ ಅವನು ಕಲಿತದ್ದು ಒಂದೇ ಅರ್ಥ: ರನ್ ಎಂದರೆ ಓಡು. ಆದರೆ ಆಕ್ಸ್‌ಫರ್ಡಿನ ದೊಡ್ಡ ನಿಘಂಟು ಈ ಒಂದು ಕ್ರಿಯಾಪದಕ್ಕೆ 600ಕ್ಕೂ ಹೆಚ್ಚು ಅರ್ಥಗಳನ್ನು ಗುರುತಿಸಿದೆ. ಹಾನಗಲ್ಲಿನಿಂದ ಹಾವೇರಿಗೆ ಬಸ್ಸು ಸಂಚರಿಸುವುದು ‘ರನ್’. ನೆಗಡಿಯಾಗಿ ಮೂಗು ಸೋರುವುದೂ ‘ರನ್’. ಚುನಾವಣೆಗೆ ನಾವು ನಿಲ್ಲುತ್ತೇವೆ. ಅಮೆರಿಕದವರು ‘ರನ್’ ಮಾಡುತ್ತಾರೆ!

ಇದಕ್ಕೆ ಹೆದರಬೇಡಿ. ಇಂಥ ಪದಗಳು ನಿಮ್ಮ ಮನೆಯಲ್ಲೇ ಇವೆ. ಸವಣೂರು, ಶಿಗ್ಗಾಂವಿಯ ನಮ್ಮ ಮನೆಗಳಲ್ಲಿ ಗಾಡಿಯೂ ‘ಚಲ್ತೀ’, ದುಕಾನೂ ‘ಚಲ್ತೀ’. ಹಿರೇಕೆರೂರಿನ ಸಂತೆಯಲ್ಲಿ ಕೇಳಿ: ವ್ಯಾಪಾರ ಚಲೋ ‘ನಡದೈತಿ’, ಹರಿದ ನೋಟು ‘ನಡಿಯಂಗಿಲ್ಲ’. ವ್ಯಾಪಾರಕ್ಕೂ ಕಾಲಿಲ್ಲ, ನೋಟಿಗೂ ಕಾಲಿಲ್ಲ. ಆದರೂ ನಮಗೆ ತಿಳಿಯುತ್ತದೆ. ಏಕೆಂದರೆ ಪಕ್ಕದ ಪದವೇ ಅರ್ಥ ಹೇಳಿಕೊಡುತ್ತದೆ.

ವಿದ್ಯಾರ್ಥಿಗಳೇ, ಇಂಗ್ಲಿಷ್ ಪದವನ್ನು ಒಂಟಿಯಾಗಿ ಬಾಯಿಪಾಠ ಮಾಡಬೇಡಿ. ವಾಕ್ಯದ ಸಮೇತ ಬರೆದುಕೊಳ್ಳಿ; ಪ್ರತಿ ಹೊಸ ಅರ್ಥಕ್ಕೆ ಒಂದು ಹೊಸ ವಾಕ್ಯ.

ಶಿಕ್ಷಕ ಬಂಧುಗಳೇ, ಅಂದು ನಾನು ‘ದುಕಾನ್ ಚಲಾನಾ’ ಎಂದು ಎರಡು ಪದ ಹೇಳಿದ್ದರೆ ಸಾಕಿತ್ತು, ಆ ಹುಡುಗನಿಗೆ ಎಲ್ಲವೂ ತಿಳಿಯುತ್ತಿತ್ತು. ಮಗು ತಪ್ಪು ಹೇಳಿದಾಗ ನಗುವುದು ಬೇಡ. ಅದರ ಮನೆಮಾತಿನಲ್ಲೇ ಉತ್ತರ ಇರುತ್ತದೆ, ಹುಡುಕಿ ಕೊಡೋಣ.