ಸೋರೆ ಬುರುಡೆಯ ಬಾಡಿಗೆದಾರರು

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಮುಖ್ಯೋಪಾಧ್ಯಾಯರು ಫೋನ್ ಮಾಡಿ ‘ಸಾಫ್ಟ್‌ವೇರ್ ಬಗ್ಗೆ ಹದಿನೈದು ನಿಮಿಷ ಮಾತಾಡಪ್ಪ, ಮಕ್ಕಳಿಗೆ ಉಪಯೋಗ ಆಗುತ್ತೆ’ ಅಂದಿದ್ದರು. ನನಗಿಂತ ಮೊದಲು ಮಾತಾಡಿದ ಇಬ್ಬರೂ ಅದೇ ವಿಷಯ ಹೇಳಿಬಿಟ್ಟಿದ್ದಾರೆ. ಮೂರನೇ ಸಲ ಕೇಳುವ ಶಿಕ್ಷೆ ನಿಮಗೆ ಬೇಡ. ಟೆಕ್ಸಾಸಿನಲ್ಲಿ ನನ್ನ ಮನೆಯ ಹಿತ್ತಲಲ್ಲಿ ಬಾಡಿಗೆ ಕೊಡದೆ ವಾಸ ಮಾಡುವ ಕೆಲವು ಹಕ್ಕಿಗಳ ಬಗ್ಗೆ ಹೇಳುತ್ತೇನೆ. ಅವು ಇರುವುದು ಸೋರೆ ಬುರುಡೆಯಲ್ಲಿ.

ಸೋರೆ ಬುರುಡೆ ಅಂದಕೂಡಲೇ ಇಲ್ಲಿರುವ ಹಿರಿಯರಿಗೆ ಕೆರೆ ನೆನಪಾಗಿರಬೇಕು. ಬುರುಡೆ ಸೊಂಟಕ್ಕೆ ಕಟ್ಟಿಕೊಂಡು ಈಜು ಕಲಿತವರಲ್ಲಿ ನಾನು ಬಹುಶಃ ಕೊನೆಯ ತಲೆಮಾರಿನವನು. ಅಜ್ಜಿ ಅಟ್ಟದ ಮೇಲೆ ಬೀಜ ತುಂಬಿಡುತ್ತಿದ್ದದ್ದೂ ಬುರುಡೆಯಲ್ಲೇ. ಈ ಬಳ್ಳಿಯ ಮೂಲ ಆಫ್ರಿಕ. ಆದರೆ ಕೊಲಂಬಸ್ ಹೋಗುವುದಕ್ಕೆ ಸಾವಿರಾರು ವರ್ಷ ಮೊದಲೇ ಅಮೆರಿಕದಲ್ಲೂ ಇದನ್ನು ಬೆಳೆಯುತ್ತಿದ್ದರು. ಅಲ್ಲಿನ ಮೂಲನಿವಾಸಿಗಳಾದ ಚಾಕ್ಟಾ, ಚಿಕಸಾ ಜನ ಗುಡಿಸಲ ಪಕ್ಕದ ಸಣ್ಣ ಮರದ ಕೊಂಬೆ ಸವರಿ, ಉಳಿದ ಗೂಟಗಳಿಗೆ ಟೊಳ್ಳು ಬುರುಡೆ ನೇತುಹಾಕುತ್ತಿದ್ದರು. ಪರ್ಪಲ್ ಮಾರ್ಟಿನ್ ಎಂಬ ಹಕ್ಕಿ ಬಂದು ಅದರಲ್ಲಿ ಗೂಡು ಕಟ್ಟಲಿ ಅಂತ. ಇನ್ನೂರು ವರ್ಷದ ಹಿಂದೆ ಅಲೆಗ್ಸಾಂಡರ್ ವಿಲ್ಸನ್ ಎಂಬ ಪಕ್ಷಿತಜ್ಞ ಇದನ್ನು ಬರೆದಿಟ್ಟಿದ್ದಾನೆ.

ಚಳಿಗಾಲದಲ್ಲಿ ನಮ್ಮ ಕರೆಂಟ್ ತಂತಿಯ ಮೇಲೆ ಸಾಲಾಗಿ ಕೂರುವ ಅಂಬರಗುಬ್ಬಿಗಳನ್ನು ನೋಡಿದ್ದೀರಲ್ಲ, ಮಾರ್ಟಿನ್ ಅದೇ ಬಳಗದ್ದು. ಉತ್ತರ ಅಮೆರಿಕದಲ್ಲಿ ಆ ಬಳಗಕ್ಕೆಲ್ಲ ದೊಡ್ಡದು, ಸುಮಾರು ಎಂಟು ಇಂಚು ಉದ್ದ. ಗಂಡು ದೂರಕ್ಕೆ ಕಪ್ಪು, ಬಿಸಿಲು ಬಿದ್ದರೆ ನೇರಳೆ ಹಣ್ಣಿನ ಹೊಳಪು. ಹೆಣ್ಣಿನ ಹೊಟ್ಟೆ ಬೂದುಬಣ್ಣ. ಹಾರುವ ಹುಳ ಬಿಟ್ಟರೆ ಬೇರೆ ಆಹಾರವಿಲ್ಲ, ಕಾಳು ಹಾಕಿದರೆ ಮೂಸುವುದೂ ಇಲ್ಲ. ದಿನಕ್ಕೆ ಎರಡು ಸಾವಿರ ಸೊಳ್ಳೆ ತಿನ್ನುತ್ತದೆ ಎಂದು ಹಿಂದೆ ಗೂಡು ಮಾರುವವರು ಪ್ರಚಾರ ಮಾಡಿದ್ದರು. ಅದು ಸುಳ್ಳು. ಅದು ಹಾರುವ ಎತ್ತರದಲ್ಲಿ ಸೊಳ್ಳೆ ಎಲ್ಲಿಂದ ಬರಬೇಕು? ಏರೋಪ್ಲೇನ್ ಚಿಟ್ಟೆ, ದುಂಬಿ, ರೆಕ್ಕೆ ಬಂದ ಇರುವೆ, ಇವೇ ಅದರ ಊಟ.

ಅಮೆರಿಕದ ಪಶ್ಚಿಮ ಭಾಗದಲ್ಲಿ ಇವು ಈಗಲೂ ಮರದ ಪೊಟರೆಗಳಲ್ಲಿ, ದೊಡ್ಡ ಕಳ್ಳಿಗಳ ತೂತುಗಳಲ್ಲಿ ಗೂಡು ಮಾಡುತ್ತವೆ. ಪೂರ್ವದ ಹಕ್ಕಿಗಳು ಮಾತ್ರ ಬುರುಡೆಯ ಅಭ್ಯಾಸಕ್ಕೆ ಎಷ್ಟು ಒಗ್ಗಿಹೋಗಿವೆ ಅಂದರೆ, ಇವತ್ತು ಮನುಷ್ಯ ಕಟ್ಟಿಕೊಟ್ಟ ಮನೆ ಬಿಟ್ಟು ಹೆಚ್ಚುಕಡಿಮೆ ಬೇರೆಲ್ಲೂ ಮರಿ ಮಾಡುವುದಿಲ್ಲ. ಮನೆ ಕೊಡುವವರು ನಿಲ್ಲಿಸಿದರೆ ಅವಕ್ಕೆ ಜಾಗವೇ ಇಲ್ಲ. ಹೀಗೆ ಮನೆ ಕೊಡುವವರಲ್ಲಿ ಬಹಳ ಮಂದಿ ವಯಸ್ಸಾದವರು. ನನ್ನ ಪಕ್ಕದ ಮನೆಯ ಮುದುಕರೂ ಹಾಗೇ. ಎಂಬತ್ತರ ಹತ್ತಿರ. 2018ರಲ್ಲಿ ನಾವು ಅಲ್ಲಿ ಮನೆ ಕೊಂಡಾಗ ಬೇಲಿಯಾಚೆ ಕಂಬದ ಮೇಲೆ ಬಿಳಿ ಬುರುಡೆಗಳು ತೂಗಾಡುತ್ತಿದ್ದವು. ‘ಇದು ನಮ್ಮೂರ ಸೋರೆಕಾಯಿ’ ಅಂದೆ. ‘ಹಾಗಾದರೆ ನೀನೇ ಬೆಳೆ’ ಎಂದು ಬೀಜ ಕೊಟ್ಟರು.

ಬೆಳೆದೆ. ಬಿಳಿ ಹೂವು ಸಂಜೆಗೆ ಅರಳುತ್ತದೆ, ಪತಂಗಗಳು ಬಾರದಿದ್ದರೆ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ನಾವೇ ಮುಟ್ಟಿಸಬೇಕು. ಆಫೀಸಿನ ಮೀಟಿಂಗ್ ಮುಗಿಸಿ ಟಾರ್ಚ್ ಹಿಡಿದು ಈ ಕೆಲಸ ಮಾಡುತ್ತಿದ್ದೆ. ಹಣ್ಣಾದ ಮೇಲೆ ಅವಸರ ಮಾಡಬಾರದು. ಚಳಿಗಾಲವಿಡೀ ಒಣಗಬೇಕು. ಮೈಮೇಲೆ ಕರಿ ಬೂಷ್ಟು ಬಂದಾಗ ಹೆಂಡತಿ ಎಸೆಯಲು ಹೊರಟಿದ್ದಳು, ತಡೆದೆ. ಬೂಷ್ಟು ಬರುವುದೇ ಲಕ್ಷಣ. ಅಲ್ಲಾಡಿಸಿದಾಗ ಬೀಜ ಗಲಗಲ ಅಂದರೆ ಒಣಗಿದೆ ಎಂದು ಅರ್ಥ. ಆಮೇಲೆ ನೀರಲ್ಲಿ ನೆನೆಸಿ ಪಾತ್ರೆ ಉಜ್ಜುವ ತಂತಿ ಜುಂಗಿನಿಂದ ತಿಕ್ಕಿದರೆ ಗಟ್ಟಿ ಚಿಪ್ಪು ಸಿಗುತ್ತದೆ.

ಬುರುಡೆಯ ಹೊಟ್ಟೆ ಎಂಟರಿಂದ ಹದಿಮೂರು ಇಂಚು ಅಗಲ ಇರಬೇಕು. ಬಾಗಿಲಿನ ತೂತು ದುಂಡಗಿದ್ದರೆ ಎರಡು ಇಂಚಿಗೆ ಸ್ವಲ್ಪ ಮೇಲೆ. ತಳದಲ್ಲಿ ನೀರು ಬಸಿಯಲು ಆರೆಂಟು ಸಣ್ಣ ತೂತು, ಕುತ್ತಿಗೆಯಲ್ಲಿ ಗಾಳಿಗೆ ಒಂದೆರಡು, ನೇತುಹಾಕುವ ತಂತಿಗೆ ಮತ್ತೆರಡು. ತಿರುಳು ಕೆರೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಧೂಳು ಒಳ್ಳೆಯದಲ್ಲ. ಇನ್ನು ಕೊಳೆಯದಂತೆ ಏನು ಮಾಡುತ್ತಾರೆ ಗೊತ್ತೇ? ಮೈಲುತುತ್ತದ ನೀರಲ್ಲಿ ಅದ್ದುತ್ತಾರೆ! ಮುದುಕರು ನೀಲಿ ಹರಳಿನ ಡಬ್ಬಿ ತೆಗೆದು ‘ಇದು ಕಾಪರ್ ಸಲ್ಫೇಟ್’ ಎಂದು ವಿವರಿಸಲು ಶುರು ಮಾಡಿದರು. ಅಡಿಕೆ ತೋಟಕ್ಕೆ ಕೊಳೆ ಔಷಧಿ ಹೊಡೆಯುವ ಮನೆಯಲ್ಲಿ ಹುಟ್ಟಿದವನಿಗೆ! ಇಪ್ಪತ್ತು ಲೀಟರ್ ನೀರಿಗೆ ಅರ್ಧ ಕಿಲೋದಷ್ಟು, ಅಂದರೆ ನಮ್ಮ ಬೋರ್ಡೋಗಿಂತ ಎರಡು ಪಟ್ಟಿಗೂ ಹೆಚ್ಚು ಗಟ್ಟಿ. ಕಬ್ಬಿಣದ ಬಕೆಟ್ ಬೇಡ, ಪ್ಲಾಸ್ಟಿಕ್ ತನ್ನಿ ಎಂದು ನಾನೇ ಅವರಿಗೆ ಹೇಳಿದೆ. ಒಣಗಿದ ಮೇಲೆ ಹೊರಗೆ ಮಾತ್ರ ಬಿಳಿ ಬಣ್ಣ. ಟೆಕ್ಸಾಸಿನ ಬಿಸಿಲಿಗೆ ಬೇರೆ ಬಣ್ಣ ಹಚ್ಚಿದರೆ ಮರಿಗಳು ಒಳಗೇ ಬೆಂದುಹೋಗುತ್ತವೆ.

ಕಂಬ ಹದಿನೈದು ಅಡಿ, ಬುರುಡೆಗಳನ್ನು ಇಳಿಸಿ ನೋಡಲು ರಾಟೆ. ಸುತ್ತ ನಲವತ್ತು ಅಡಿಯೊಳಗೆ ಮರ ಇರಬಾರದು, ಆದರೆ ಜನರ ಮನೆ ಹತ್ತಿರ ಇರಬೇಕು. ಮನುಷ್ಯರ ಓಡಾಟ ಇದ್ದಲ್ಲಿ ಗಿಡುಗ, ಗೂಬೆಗಳ ಕಾಟ ಕಡಿಮೆ ಎಂಬುದು ಈ ಹಕ್ಕಿಯ ಲೆಕ್ಕ. ಕಂಬದ ನಡುವೆ ತಗಡಿನ ಕೊಳವೆ ಸಿಕ್ಕಿಸದಿದ್ದರೆ ನಮ್ಮ ಕೇರೆಯಂಥ ಹಾವು ಒಂದೇ ರಾತ್ರಿಯಲ್ಲಿ ಎಲ್ಲ ಬುರುಡೆ ಖಾಲಿ ಮಾಡುತ್ತದೆ.

2019ರಲ್ಲಿ ಆರು ಬುರುಡೆ ಏರಿಸಿದೆ. ಒಂದು ಮಾರ್ಟಿನ್ನೂ ಬರಲಿಲ್ಲ. ಬಂದದ್ದು ಯಾರು? ಗುಬ್ಬಚ್ಚಿ. ನಮ್ಮ ಅದೇ ಗುಬ್ಬಚ್ಚಿ. ಮೊದಲ ದಿನ ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ. ನಮ್ಮನೆಯ ಜಂತಿ ಸಂದಿಯಲ್ಲಿ, ದೇವರ ಫೋಟೊ ಹಿಂದೆ ಹುಲ್ಲು ತುರುಕುತ್ತಿದ್ದ ಹಕ್ಕಿ. ವಿಡಿಯೊ ತೆಗೆದು ಅಮ್ಮನಿಗೆ ಕಳಿಸಿದೆ. ಮುದುಕರು ಮಾತ್ರ ಬೇಲಿಯಾಚೆಯಿಂದ ‘ಕೂಡಲೇ ಕಿತ್ತು ಹಾಕು’ ಅಂದರು. ನಾನು ಕೇಳಲಿಲ್ಲ.

2020ರ ಏಪ್ರಿಲ್, ಲಾಕ್‌ಡೌನ್. ಒಂದು ಎಳೆಯ ಮಾರ್ಟಿನ್ ಜೋಡಿ ಬಂತು. ಒಂದು ವರ್ಷದ ಹಕ್ಕಿಗಳು ತಡವಾಗಿ ಬರುತ್ತವೆ, ಹೊಸ ಮನೆ ಹಿಡಿಯುವವು ಹೆಚ್ಚಾಗಿ ಅವೇ. ಕಡ್ಡಿ, ಕೆಸರು ತಂದವು, ಮೇಲೆ ಹಸಿರೆಲೆ ಹಾಸಿದವು, ನಾಲ್ಕು ಬಿಳಿ ಮೊಟ್ಟೆ ಇಟ್ಟವು. ಒಂಬತ್ತನೇ ದಿನ ಇಳಿಸಿ ನೋಡಿದರೆ ನಾಲ್ಕೂ ಮೊಟ್ಟೆಗೆ ಕುಕ್ಕಿದ ತೂತು. ಪಕ್ಕದ ಬುರುಡೆಯ ಗಂಡು ಗುಬ್ಬಿ ಮೇಲೆ ಕೂತು ಚಿಲಿಪಿಲಿ ಅನ್ನುತ್ತಿತ್ತು.

ಗುಬ್ಬಚ್ಚಿ ಆ ದೇಶದ್ದಲ್ಲ. 1850ರ ಆಸುಪಾಸಿನಲ್ಲಿ ಮರದ ಕಂಬಳಿಹುಳು ತಿನ್ನಲಿ ಎಂದು ಯುರೋಪಿನಿಂದ ನ್ಯೂಯಾರ್ಕಿನ ಬ್ರೂಕ್ಲಿನ್ನಿಗೆ ತಂದು ಬಿಟ್ಟರು. 1890ರಲ್ಲಿ ಸ್ಟಾರ್ಲಿಂಗ್ ಎಂಬ ಇನ್ನೊಂದು ಹಕ್ಕಿಯನ್ನು ಅಲ್ಲಿನ ಸೆಂಟ್ರಲ್ ಪಾರ್ಕಿನಲ್ಲಿ ಬಿಟ್ಟರು. ಎರಡೂ ಖಂಡವಿಡೀ ಹಬ್ಬಿ ಪೊಟರೆಗಳನ್ನೆಲ್ಲ ಹಿಡಿದವು. ಸ್ಟಾರ್ಲಿಂಗ್ ನುಗ್ಗದಂತೆ ಅರ್ಧಚಂದ್ರದ ಆಕಾರದ ಬಾಗಿಲು ಮಾಡಬಹುದು, ಎತ್ತರ ಮೂವತ್ತು ಮಿಲಿಮೀಟರ್, ಒಂದೆರಡು ಮಿಲಿಮೀಟರ್ ಹೆಚ್ಚಾದರೂ ಕೆಲಸ ಕೆಟ್ಟಿತು. ಗುಬ್ಬಿ ಮಾರ್ಟಿನ್‌ಗಿಂತ ಚಿಕ್ಕದು, ಅದಕ್ಕೆ ಯಾವ ಬಾಗಿಲೂ ಅಡ್ಡಿಯಲ್ಲ. ಮಾರ್ಟಿನ್ ಗೂಡು ಮುಟ್ಟಿ ಕೆಡಿಸಿದರೆ ಅಲ್ಲಿ ಅಪರಾಧ, 1918ರಿಂದ ಕಾನೂನಿದೆ. ಗುಬ್ಬಿಗೆ ಆ ರಕ್ಷಣೆ ಇಲ್ಲ.

ಅಮ್ಮನಿಗೆ ಫೋನ್ ಮಾಡಿ ಹೇಳಿದೆ, ಗುಬ್ಬಿ ಗೂಡು ಕೀಳಬೇಕು ಅಂತ. ‘ಇಲ್ಲಿ ಗುಬ್ಬಿನೇ ಕಾಣೋದಿಲ್ಲ ಅಂತ ನಾವು ಒದ್ದಾಡ್ತಿದ್ರೆ ನೀನು ಅಲ್ಲಿ ಗೂಡು ಕೀಳ್ತೀಯೇನೋ? ಒಳ್ಳೇದಾಗುತ್ತಾ?’ ಅಂದರು. ಉತ್ತರ ಇರಲಿಲ್ಲ. ಈಗಲೂ ಅವರ ಮುಂದೆ ಇಡುವಂಥ ಉತ್ತರ ಇಲ್ಲ. ಅಮ್ಮ ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದಾರೆ. ಮುದುಕರು ಬೋನು ಇಟ್ಟು ಹಿಡಿಯುತ್ತಿದ್ದರು, ಅದು ನನ್ನಿಂದ ಆಗಲಿಲ್ಲ. ಮೊಟ್ಟೆ ಇಡುವ ಮೊದಲೇ, ಎರಡು ದಿನಕ್ಕೊಮ್ಮೆ, ಗುಬ್ಬಿ ತಂದ ಹುಲ್ಲು ತೆಗೆದು ಹಾಕುತ್ತೇನೆ. ಅದು ಮತ್ತೆ ತರುತ್ತದೆ. ನಾನು ಮತ್ತೆ ತೆಗೆಯುತ್ತೇನೆ. ವಾರಗಟ್ಟಲೆ ನಡೆಯುತ್ತದೆ. ಮನುಷ್ಯ ಒಂದು ಹಕ್ಕಿಯನ್ನು ಮನೆಗೆ ಒಗ್ಗಿಸಿ, ಇನ್ನೊಂದನ್ನು ಹಡಗಿನಲ್ಲಿ ತಂದು ಬಿಟ್ಟ ಮೇಲೆ, ಕೈಕಟ್ಟಿ ಕೂರುವುದೂ ಒಂದರ ಪರ ವಹಿಸಿದಂತೆಯೇ ಅಂತ ನನಗೆ ಅನ್ನಿಸುತ್ತದೆ. ಹುಲ್ಲು ಕೈಯಲ್ಲಿ ಹಿಡಿದಾಗ ಮಾತ್ರ ಹಾಗೆ ಅನ್ನಿಸುವುದಿಲ್ಲ.

2021ರ ಫೆಬ್ರವರಿಯದನ್ನೂ ಹೇಳಬೇಕು. ಮಾರ್ಟಿನ್‌ಗಳು ಚಳಿಗಾಲ ಕಳೆಯುವುದು ದಕ್ಷಿಣ ಅಮೆರಿಕದಲ್ಲಿ, ಮುಖ್ಯವಾಗಿ ಬ್ರೆಜಿಲ್‌ನಲ್ಲಿ. ಕೆನಡಾದ ವಿಜ್ಞಾನಿ ಬ್ರಿಡ್ಜೆಟ್ ಸ್ಟಚ್‌ಬರಿ ಮತ್ತು ಸಂಗಡಿಗರು ಅವುಗಳ ಬೆನ್ನಿಗೆ ಒಂದೂವರೆ ಗ್ರಾಮಿನ ಉಪಕರಣ ಕಟ್ಟಿ 2009ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಒಂದು ಹೆಣ್ಣು ಹಕ್ಕಿ ಅಮೆಜಾನ್‌ನಿಂದ ಪೆನ್ಸಿಲ್ವೇನಿಯಾಕ್ಕೆ ಸುಮಾರು 7,500 ಕಿಲೋಮೀಟರನ್ನು ಹದಿಮೂರು ದಿನದಲ್ಲಿ ಹಾರಿತ್ತು. ಟೆಕ್ಸಾಸಿಗೆ ಮೊದಲ ಹಕ್ಕಿಗಳು ಜನವರಿ ಕೊನೆಗೇ ಬಂದುಬಿಡುತ್ತವೆ. ಆ ವರ್ಷ ಮುದುಕರ ಕಂಬಕ್ಕೆ ಐದು ಬಂದಿದ್ದವು, ನನ್ನದಕ್ಕೆ ಎರಡು. ಆಗ ಹಿಮಗಾಳಿ ಬಂತು. ಸೊನ್ನೆಗಿಂತ ಹತ್ತು ಡಿಗ್ರಿಗೂ ಕೆಳಗೆ. ನಮ್ಮ ಮನೆಯಲ್ಲಿ ಮೂರು ದಿನ ಕರೆಂಟ್ ಇಲ್ಲ, ನಲ್ಲಿ ಹೆಪ್ಪುಗಟ್ಟಿತು, ಮಗುವನ್ನು ನಡುವೆ ಮಲಗಿಸಿಕೊಂಡು ಎಲ್ಲ ಕಂಬಳಿ ಹೊದ್ದು ಕೂತೆವು. ಹುಳ ಹಾರದಿದ್ದರೆ ಮಾರ್ಟಿನ್‌ಗೆ ಊಟವಿಲ್ಲ, ಎರಡು ಮೂರು ದಿನಕ್ಕಿಂತ ಹೆಚ್ಚು ತಡೆಯುವುದು ಕಷ್ಟ. ಕರೆಂಟ್ ಬಂದ ದಿನ ಮುದುಕರು ಬಾಗಿಲು ಬಡಿದು, ‘ನನ್ನ ಕೈ ನಡುಗುತ್ತಿದೆ, ನೀನು ರಾಟೆ ಇಳಿಸು’ ಅಂದರು. ಐದೂ ಒಂದೇ ಬುರುಡೆಯಲ್ಲಿದ್ದವು, ಒಂದಕ್ಕೊಂದು ಒತ್ತಿಕೊಂಡು. ಒಂದೂ ಬದುಕಿರಲಿಲ್ಲ. ಎತ್ತಿಕೊಂಡರೆ ತೂಕವೇ ಇಲ್ಲ. ನನ್ನವೆರಡು ಎಲ್ಲಿ ಹೋದವೋ ಸಿಗಲಿಲ್ಲ. ಟೆಕ್ಸಾಸ್, ಲೂಯಿಸಿಯಾನಾ ತುಂಬ ಆ ವಾರ ಇದೇ ಕಥೆ. ಮುದುಕರು ಬುರುಡೆ ತೊಳೆದು ಮತ್ತೆ ಏರಿಸಿದರು. ‘ಹಿಂದಿನವು ಇನ್ನೂ ದಾರಿಯಲ್ಲಿವೆ’ ಅಂದರು. ಮಾರ್ಚಿಯಲ್ಲಿ ಬಂದವು. ಆ ಬೇಸಿಗೆಗೆ ನನ್ನ ಕಂಬದಲ್ಲಿ ಮೂರು ಜೋಡಿ ಮರಿ ಮಾಡಿದವು.

ಮೊಟ್ಟೆ ಒಡೆಯಲು ಹದಿನೈದು ಹದಿನಾರು ದಿನ, ಮರಿ ಹಾರಲು ಇನ್ನೊಂದು ತಿಂಗಳು. ವಾರಕ್ಕೊಮ್ಮೆ ಇಳಿಸಿ ಎಣಿಸಿ ಬರೆದಿಡುತ್ತೇನೆ. ಮನುಷ್ಯ ಮುಟ್ಟಿದರೆ ಹಕ್ಕಿ ಗೂಡು ಬಿಡುತ್ತದೆ ಎಂಬುದು ಇವಕ್ಕೆ ಅನ್ವಯಿಸುವುದಿಲ್ಲ. ಜುಲೈಯಲ್ಲಿ ದೂರ ಪಯಣಕ್ಕೆ ಮೊದಲು ಆಸ್ಟಿನ್ ನಗರದ ಮರಗಳಲ್ಲಿ ಲಕ್ಷಗಟ್ಟಲೆ ಸೇರುತ್ತವೆ. ಬೆಳಗಿನ ಜಾವ ಅವು ಒಟ್ಟಿಗೆ ಏಳುವಾಗ ಹವಾಮಾನ ಇಲಾಖೆಯ ರಡಾರ್‌ನಲ್ಲಿ ಬಳೆಯಂತೆ ಒಂದು ಉಂಗುರ ಅರಳುತ್ತದೆ. ಮಕ್ಕಳೇ, ಹೊರಗೆ ಫೋನಿನಲ್ಲಿ ತೋರಿಸುತ್ತೇನೆ. ನಮ್ಮ ಕಂಪ್ಯೂಟರ್ ವಿದ್ಯೆಯಿಂದ ನಾನು ಕಂಡ ಅತ್ಯಂತ ಚೆಂದದ ಚಿತ್ರ ಅದು.

ಎರಡು ವರ್ಷದ ಹಿಂದೆ ಮುದುಕರು ಮನೆ ಮಾರಿ ಮಗಳ ಊರಿಗೆ ಹೋದರು. ಕೊಂಡವರಿಗೆ ಕಂಬ ಬೇಡವಾಗಿತ್ತು. ಬೇಸಿಗೆ ಕಳೆದ ಮೇಲೆ ಅದನ್ನು ಕಿತ್ತು ನಮ್ಮ ಹಿತ್ತಲಿಗೆ ತಂದು, ಹಳೆಯ ಗುಂಡಿಯಿಂದ ಮೂವತ್ತು ಅಡಿ ದೂರದಲ್ಲಿ ನೆಟ್ಟೆ. ಈ ಹಕ್ಕಿಗಳು ವರ್ಷ ವರ್ಷ ಅದೇ ಜಾಗ ಹುಡುಕಿಕೊಂಡು ಬರುವಂಥವು. ಮರು ವರ್ಷ ಮೊದಲು ಬಂದ ಗಂಡು ಹಳೆಯ ಜಾಗದ ಮೇಲೆ ಬರಿಯ ಗಾಳಿಯಲ್ಲಿ ನಾಲ್ಕು ಸುತ್ತು ಹಾಕಿತು. ಆಮೇಲೆ ಬೇಲಿ ದಾಟಿ ಬಂದು ಮೂರನೇ ನಂಬರಿನ ಬುರುಡೆಯ ಮೇಲೆ ಕೂತಿತು. ಮುದುಕರಿಗೆ ಫೋನ್ ಮಾಡಿದೆ. ‘ಮೂರನೇದೇ ತಾನೇ?’ ಎಂದು ಅವರೇ ಕೇಳಿದರು.

ಮುಂದಿನ ಮಂಗಳವಾರ ನನ್ನ ವಿಮಾನ. ಹನ್ನೊಂದು ಬುರುಡೆಗಳು ಗ್ಯಾರೇಜಿನಲ್ಲಿ ತೂಗುತ್ತಿವೆ, ತಿಂಗಳ ಕೊನೆಯೊಳಗೆ ಏರಿಸಬೇಕು. ಈ ಸಲ ಅಮ್ಮನೂ ಬರುತ್ತಿದ್ದಾರೆ. ಗುಬ್ಬಿಯ ವಿಚಾರ ಅಲ್ಲಿಗೆ ಬಂದು ನೋಡಿ ಹೇಳುತ್ತೇನೆ ಅಂದಿದ್ದಾರೆ.