ಏಳುವ ಹೊತ್ತು ಯಾರ ಕೈಯಲ್ಲಿದೆ?

ಅಮೆರಿಕದ ಎಡ್ ರಾಬರ್ಟ್ಸ್ ಓದಲೆಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಬಂದದ್ದು 1962ರಲ್ಲಿ. ಹದಿನಾಲ್ಕನೇ ವಯಸ್ಸಿನಲ್ಲಿ ತಗುಲಿದ ಪೋಲಿಯೊದಿಂದ ಕತ್ತಿನ ಕೆಳಗಿನ ದೇಹ ಸ್ವಾಧೀನ ತಪ್ಪಿತ್ತು. ಎರಡು ಕೈಬೆರಳು, ಒಂದಿಷ್ಟು ಕಾಲ್ಬೆರಳು ಆಡುತ್ತಿದ್ದವು, ಅಷ್ಟೆ. ರಾತ್ರಿ ಉಸಿರಾಟಕ್ಕೆ ‘ಐರನ್ ಲಂಗ್’ ಎಂಬ ಲೋಹದ ಪೆಟ್ಟಿಗೆಯೊಳಗೆ ಮಲಗಬೇಕು. ಆ ಭಾರದ ಯಂತ್ರವನ್ನು ಇಡಲು ಹಾಸ್ಟೆಲುಗಳಲ್ಲಿ ಜಾಗ ಸಿಗಲಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕಾವೆಲ್ ಆಸ್ಪತ್ರೆಯ ಕೋಣೆಯೇ ಅವರ ಹಾಸ್ಟೆಲ್ ಆಯಿತು.

ಈತ ದುಡಿಯಲಾರ, ಓದಿಸಿದರೂ ಪ್ರಯೋಜನವಿಲ್ಲ ಎಂದಿತ್ತು ರಾಜ್ಯದ ಪುನರ್ವಸತಿ ಇಲಾಖೆ. 1975ರಲ್ಲಿ ಅದೇ ಇಲಾಖೆಗೆ ಅವರೇ ನಿರ್ದೇಶಕರಾದರು.

ಈ ಎರಡು ಇಸವಿಗಳ ನಡುವೆ ನಡೆದದ್ದೇ ಮುಖ್ಯ. ರಾಬರ್ಟ್ಸ್ ಹಿಂದೆಯೇ ಗಾಲಿಕುರ್ಚಿಯ ಇನ್ನಷ್ಟು ವಿದ್ಯಾರ್ಥಿಗಳು ಆ ಆಸ್ಪತ್ರೆಗೆ ಬಂದು ಸೇರಿದರು, ‘ರೋಲಿಂಗ್ ಕ್ವಾಡ್ಸ್’ ಎಂದು ಹೆಸರಿಟ್ಟುಕೊಂಡರು. ಆಸ್ಪತ್ರೆ ಬಿಟ್ಟು ಊರೊಳಗೆ ಬಾಡಿಗೆ ಮನೆ ಮಾಡಿ ಬದುಕಲು ಏನೇನು ಬೇಕು ಎಂದು ಅವರು ತಾವೇ ಕೂತು ಲೆಕ್ಕ ಹಾಕಿದರು. ಅದರ ಫಲ 1972ರ ‘ಸೆಂಟರ್ ಫಾರ್ ಇಂಡಿಪೆಂಡೆಂಟ್ ಲಿವಿಂಗ್’. ಮೆಟ್ಟಿಲಿಲ್ಲದ ಮನೆ ಹುಡುಕಿಕೊಡುವುದು, ಸಹಾಯಕರನ್ನು ಗೊತ್ತುಮಾಡಿಕೊಡುವುದು, ಹೊಸಬರಿಗೆ ಹಳಬರು ಅನುಭವ ಹೇಳುವುದು, ಎಲ್ಲವೂ ಅಲ್ಲಿತ್ತು. ಗಾಲಿಕುರ್ಚಿ ರಿಪೇರಿ ಶೆಡ್ಡೂ ಇತ್ತು. ಆಗಿನ ಮೋಟರ್ ಕುರ್ಚಿಗಳು ಆಸ್ಪತ್ರೆಯ ನುಣುಪು ನೆಲಕ್ಕೆಂದು ಮಾಡಿದವು. ರಸ್ತೆಗಿಳಿದರೆ ಆಗಾಗ ಕೆಡುತ್ತಿದ್ದವು. ಕುರ್ಚಿ ಕೆಟ್ಟ ದಿನ ಮನುಷ್ಯ ಮನೆಯಲ್ಲೇ. ಆದ್ದರಿಂದ ಆ ಶೆಡ್ಡಿನ ಸ್ಪ್ಯಾನರಿಗೆ ಎಷ್ಟೋ ಔಷಧಿಗಿಂತ ಬೆಲೆ ಹೆಚ್ಚು.

ಸ್ವತಂತ್ರ ಬದುಕು ಎಂದರೆ ಎಲ್ಲವನ್ನೂ ತಾನೇ ಮಾಡಿಕೊಳ್ಳುವುದಲ್ಲ. ರಾಬರ್ಟ್ಸ್‌ಗೆ ಸ್ನಾನ ಮಾಡಿಸಲು, ಬಟ್ಟೆ ತೊಡಿಸಲು ಕಡೆಯವರೆಗೂ ಇನ್ನೊಬ್ಬರ ಕೈ ಬೇಕಿತ್ತು. ಆದರೆ ಎಷ್ಟು ಗಂಟೆಗೆ ಏಳಬೇಕು, ಯಾವ ಅಂಗಿ ತೊಡಬೇಕು, ಯಾರನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕು, ಯಾರನ್ನು ಬಿಡಿಸಬೇಕು ಎಂಬುದು ಅವರದೇ ತೀರ್ಮಾನ.

ನಮ್ಮಲ್ಲಿಗೆ ಈ ಯೋಚನೆ ಅಮೆರಿಕದಿಂದ ಬರಬೇಕಾಗಿರಲಿಲ್ಲ. ಬರ್ಕ್ಲಿಯ ಕೇಂದ್ರಕ್ಕೆ ಹದಿಮೂರು ವರ್ಷ ಮೊದಲೇ, 1959ರಲ್ಲಿ, ಸ್ವತಃ ಗಾಲಿಕುರ್ಚಿಯಲ್ಲಿದ್ದ ಎನ್.ಎಸ್. ಹೇಮಾ ಬೆಂಗಳೂರಿನಲ್ಲಿ ಈಗ ‘ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ’ ಎನಿಸಿಕೊಂಡಿರುವ ಸಂಸ್ಥೆಯನ್ನು ಕಟ್ಟಿದರು. 1994ರಲ್ಲಿ ಶುರುವಾದ ‘ಮೊಬಿಲಿಟಿ ಇಂಡಿಯಾ’ ಕೃತಕ ಕಾಲು, ಕ್ಯಾಲಿಪರ್ ಮಾಡುವ ಕೆಲಸವನ್ನು ವಿಕಲಚೇತನ ಹೆಣ್ಣುಮಕ್ಕಳಿಗೇ ಕಲಿಸಿತು. ಇನ್ನು ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರೂ ವಿಕಲಚೇತನರೇ. ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡು, ಮಾಸಾಶನ, ತ್ರಿಚಕ್ರ ವಾಹನದ ಅರ್ಜಿ ಹಿಡಿದು ಮನೆಮನೆ ತಿರುಗುವವರು. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಇದು ಸಲ್ಲದು.

2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ವಿಕಲಚೇತನರು 13 ಲಕ್ಷಕ್ಕೂ ಹೆಚ್ಚು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್ ಇವರಿಗೆ ಸಮುದಾಯದ ನಡುವೆ ಬಾಳುವ ಹಕ್ಕು ಕೊಟ್ಟಿದೆ, ವೈಯಕ್ತಿಕ ಸಹಾಯಕರ ಸೇವೆಯನ್ನೂ ಹೆಸರಿಸಿದೆ. ಆದರೆ ನಮ್ಮ ಹೆಚ್ಚಿನ ಮನೆಗಳಲ್ಲಿ ಆ ಸಹಾಯಕಿ ಅಮ್ಮ. ಮಗನಿಗೆ ಮೂವತ್ತಾದರೂ ಹಾಸಿಗೆಯಿಂದ ಕುರ್ಚಿಗೆ ಎತ್ತಿ ಕೂರಿಸುವವಳು ಅವಳೇ. ಅವಳ ಸೊಂಟ ಹಿಡಿದುಕೊಂಡ ದಿನ ಮಗನಿಗೆ ಬೆಳಕು ಹರಿಯುವುದೇ ಇಲ್ಲ.

ಪಂಚಾಯಿತಿಗಳು ಶೇ 5ರಷ್ಟು ಅನುದಾನವನ್ನು ವಿಕಲಚೇತನರಿಗೆಂದು ತೆಗೆದಿಡಬೇಕು. ಬರುವ ಗ್ರಾಮಸಭೆಯಲ್ಲಿ ಆ ಹಣದ ಲೆಕ್ಕ ಕೇಳಿ. ಗಾಲಿಕುರ್ಚಿ ರಿಪೇರಿಗೆ, ದಿನಕ್ಕೆರಡು ಗಂಟೆ ಬಂದುಹೋಗುವ ಸಹಾಯಕರಿಗೆ ಅದರಲ್ಲಿ ದಾರಿ ಉಂಟೇ ಎಂದು ವಿಚಾರಿಸಿ. ನಿಮ್ಮೂರಿನ ವಿಕಲಚೇತನರನ್ನೂ ಜೊತೆಗೆ ಕರೆದೊಯ್ಯಿರಿ, ಮಾತು ಅವರೇ ಆಡಲಿ. ಸಭೆ ಮೆಟ್ಟಿಲು ಹತ್ತಿ ಹೋಗುವ ಕಟ್ಟಡದಲ್ಲಿದ್ದರೆ, ಅದನ್ನು ಕೆಳಗೆ ಮರದ ನೆರಳಿಗೆ ತರಲು ಹೇಳಿ.